ನಿಂತವರ ಎಣಿಕೆ

ಒದ್ದೆ ಗೋಣಿಚೀಲದ ವಾಸನೆಗೆ ಸಬ್ಬಸಿಗೆಯ ಘಮ ಸೇರಿದರೆ ನನಗೆ ಇವತ್ತಿಗೂ ಪುರಸಭೆಯ ಮೀಟಿಂಗು ನೆನಪಾಗುತ್ತದೆ. ಕೇಳಿದವರು ನಗುತ್ತಾರೆ. ಸಬ್ಬಸಿಗೆಗೂ ಪುರಸಭೆಗೂ ಎಲ್ಲಿಯ ನೆಂಟಸ್ತಿಕೆ ಎನ್ನುತ್ತಾರೆ. ಹೋದ ವಾರ ಬಸ್ ಸ್ಟ್ಯಾಂಡಿನ ಗೋಡೆಯ ಬದಿಗೆ ಪಲ್ಯದ ಸೊಪ್ಪು ಕೊಳ್ಳಲು ಬಗ್ಗಿದ್ದೆ. ಮಾರುವವಳು ಸಿವುಡುಗಳ ಮೇಲೆ ಹೊದಿಸಿದ್ದ ಗೋಣಿಗೆ ನೀರು ಚಿಮುಕಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ಇಡೀ ಬೇಸಿಗೆ ಎದುರಿಗೆ ಬಂದು ನಿಂತಿತು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಡುವೆ ಬಸ್ಸಿನಲ್ಲಿ ಓಡಾಡಿದವರಿಗೆ ನಮ್ಮ ಊರು ಗೊತ್ತು. ಯಾವುದು ಎಂದು ಮಾತ್ರ ಕೇಳಬೇಡಿ. ಈ ಸಂಗತಿಯೊಳಗಿನ ಮಂದಿಯೆಲ್ಲ ಇನ್ನೂ ಅವವೇ ಓಣಿಗಳಲ್ಲಿದ್ದಾರೆ, ನಾನೂ ಅವರ ನಡುವೆಯೇ ಬಾಳಬೇಕು. ಗುರುಗುಂಟಾದ ನನ್ನ ಅಜ್ಜಿ, ಊರಿನ ಹೆಸರು ಮುಚ್ಚಿಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ ಎನ್ನುತ್ತಿದ್ದಳು. ನನಗೆ ಬರುವ ಮಾತೆಲ್ಲ ಅವಳಿಂದ ಬಂದದ್ದು. ಸಾಲಿಯಲ್ಲಿ ಕಲಿತದ್ದು ಬರೀ ಅಕ್ಷರ.

ಆ ಅಕ್ಷರದಿಂದಲೇ ನಾನು ಅಂಗನವಾಡಿಯಲ್ಲಿ ದುಡಿದು, ಊರಿನ ಅರ್ಧ ಮಕ್ಕಳ ಮೂಗು ಒರೆಸಿ, ಎಲ್ಲರಿಂದ ಅಕ್ಕೋರು ಅನ್ನಿಸಿಕೊಂಡೆ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಕೂತರೆ ತುಕ್ಕು ಹಿಡಿಯುತ್ತೀಯ ಎಂದು ಓಣಿಯವರು ಪುರಸಭೆಗೆ ನಿಲ್ಲಿಸಿದರು. ಮೂಗು ಒರೆಸಿಕೊಂಡವರೆಲ್ಲ ಓಟು ಹಾಕಿದರು, ಗೆದ್ದೆ. ನನ್ನ ಜೊತೆಗೆ ಪಕ್ಕದ ವಾರ್ಡಿನಿಂದ ಗೆದ್ದು ಬಂದವಳು ಶರಣಮ್ಮ. ಅವಳ ಸಂಗತಿಯನ್ನೇ ಹೇಳಹೊರಟಿರುವುದು.

ಶರಣಮ್ಮ ಸಾಲಗುಂದದ ಹುಡುಗಿ. ನಮ್ಮ ಊರಿನ ಗೊಬ್ಬರದಂಗಡಿ ಬಸವಂತಪ್ಪ ಸಾಹುಕಾರರ ಸೊಸೆ. ಬಸವಂತಪ್ಪನವರು ಪಂಚಾಯ್ತಿ ಕಾಲದಿಂದಲೂ ಮೆಂಬರು. ಅವರ ಮಾತಿಗೆ ಊರು ತಲೆಬಾಗುತ್ತಿತ್ತು. ಆ ಸಲ ಪಕ್ಕದ ವಾರ್ಡು ಹೆಂಗಸರಿಗೆ ಮೀಸಲಾದಾಗ, ಅವರ ಸೊಸೆಯನ್ನೇ ನಿಲ್ಲಿಸಿದರೆ ಖರ್ಚೂ ಕಡಿಮೆ, ತಕರಾರೂ ಇಲ್ಲ ಎಂದು ಊರ ಹಿರಿಯರು ಕೂಡಿ ನಿರ್ಧರಿಸಿದರು. ಮಾವನೂ ಸೊಸೆಯೂ ಒಂದೇ ಸಭೆಗೆ ಆರಿಸಿ ಬಂದರು. ಒಂದೇ ಮನೆಗೆ ಎರಡು ಖುರ್ಚಿ ಎಂದು ಮಂದಿ ಆಡಿಕೊಂಡರು.

ಎರಡು ಖುರ್ಚಿ ಇದ್ದದ್ದು ನಿಜ. ಆದರೆ ಒಂದು ಖಾಲಿಯೇ ಇರುತ್ತಿತ್ತು.

ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಮಾವನ ಎದುರು ಸೊಸೆ ಖುರ್ಚಿಯ ಮೇಲೆ ಕೂಡುವುದಿಲ್ಲ. ನೆಲದ ಮೇಲೆ ಕೂಡಬಹುದು, ಬಾಗಿಲ ಮರೆಯಲ್ಲಿ ನಿಲ್ಲಬಹುದು. ಮಾವನ ಜೊತೆ ನೇರ ಮಾತಿಲ್ಲ, ಅತ್ತೆಯ ಬಾಯಿಂದ ಹೇಳಿಸಬೇಕು. ಪುರಸಭೆಯ ಹಾಲಿನಲ್ಲಿ ಮರೆಗೆ ಬಾಗಿಲಿಲ್ಲ, ಮೆಂಬರು ನೆಲದ ಮೇಲೆ ಕೂಡುವಂತಿಲ್ಲ. ಹಾಗಾಗಿ ಶರಣಮ್ಮ ಮೊದಲ ಮೀಟಿಂಗಿನಿಂದಲೇ ತನ್ನ ಖುರ್ಚಿಯ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು, ಖುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇರುತ್ತಿದ್ದಳು. ಹೇಳುವುದಿದ್ದರೆ ಪಕ್ಕದಲ್ಲಿ ಕೂತ ನನ್ನ ಕಿವಿಯಲ್ಲಿ ಹೇಳುವಳು, ನಾನು ಅದನ್ನು ದೊಡ್ಡ ದನಿಯಲ್ಲಿ ಸಭೆಗೆ ಹೇಳುವೆ. ನಮ್ಮ ಅಧ್ಯಕ್ಷರು ಚೇಷ್ಟೆಯ ಮನುಷ್ಯ. "ಶರಣಮ್ಮನ ಮೈಕು ಇವತ್ತು ಚಾಲೂ ಐತೇನ್ರೀ?" ಎಂದು ನನ್ನನ್ನೇ ಕೇಳುತ್ತಿದ್ದರು.

ಮೊದಮೊದಲು ಮಂದಿ ಅವಳನ್ನು ನೋಡಿದರು, ಮೆಚ್ಚಿದರು. "ಎಂಥಾ ಸೊಸಿ ಸಿಕ್ಕಾಳ ಸಾಹುಕಾರಗ!" ಎಂದರು. ಆಮೇಲೆ ನೋಡುವುದನ್ನೇ ಬಿಟ್ಟರು. ಗೋಡೆಯ ಗಡಿಯಾರ ಇದ್ದ ಹಾಗೆ ಅವಳು ನಿಂತಿರುತ್ತಿದ್ದಳು. ನಮಗೆ ಅವಳು ನಿಂತದ್ದೂ ಒಂದೇ, ಕೂತದ್ದೂ ಒಂದೇ ಆಗಿಹೋಯಿತು.

ಆ ಬೇಸಿಗೆ ಬೇಗನೆ ಬಂತು. ಎರಡನೇ ಬೆಳೆಯ ಭತ್ತ ಇನ್ನೂ ಗದ್ದೆಯಲ್ಲಿರುವಾಗಲೇ ಬಿಸಿಲು ಚುರುಗುಟ್ಟತೊಡಗಿತು. ಬೆಳಿಗ್ಗೆ ಹತ್ತಕ್ಕೆಲ್ಲ ಬಾಜಾರದ ಬೀದಿಯಲ್ಲಿ ಚಪ್ಪಲಿಗೆ ಡಾಂಬರು ಅಂಟಿಕೊಳ್ಳುತ್ತಿತ್ತು. ಅಂಥದ್ದರಲ್ಲಿ ಮೀಟಿಂಗಿನ ವಿಷಯಗಳಲ್ಲಿ ಒಂದು ವಿಷಯ ಬಂತು: ಬಸ್ ಸ್ಟ್ಯಾಂಡಿನ ಗೋಡೆಯ ಬದಿಗೆ ಕೂತು ಸೊಪ್ಪು, ತಪ್ಪಲುಪಲ್ಯ ಮಾರುವ ಹೆಂಗಸರನ್ನು ಎಬ್ಬಿಸಿ, ಬೈಪಾಸಿನ ಹತ್ತಿರ ಕಟ್ಟಿಸಿದ್ದ ಹೊಸ ಮಾರುಕಟ್ಟೆಗೆ ಕಳಿಸುವುದು. ಠರಾವು ಮಂಡಿಸಿದವರು ಬಸವಂತಪ್ಪನವರೇ.

ಅವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಅವರ ಮನಸ್ಸಿನೊಳಗೆ ಒಂದು ಮುಳ್ಳು ಮುರಿದಿತ್ತು. ಹಿಂದಿನ ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರುಗಳೂ ಪಲ್ಯದ ಬುಟ್ಟಿಗಳೂ ಸೇರಿ ಆ ಗೋಡೆಯ ಮುಂದಿನ ಬೀದಿ ಬಿಗಿದುಕೊಂಡಿತ್ತು. ನಡುವೆ ಒಂದು ಜೀಪು ಸಿಕ್ಕಿಬಿದ್ದಿತು. ಒಳಗೆ ಹೆರಿಗೆ ನೋವಿನ ಹೆಂಗಸು. ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ಕೊನೆಗೆ ಕೂಸು ಜೀಪಿನಲ್ಲಿಯೇ ಹುಟ್ಟಿತು. ತಾಯಿ–ಕೂಸು ಉಳಿದರು, ದೇವರು ದೊಡ್ಡವನು. ಅವತ್ತು ಅಂಗಡಿಯ ಕಟ್ಟೆಯ ಮೇಲೆ ನಿಂತು ಏನೂ ಮಾಡಲಾಗದೆ ನೋಡಿದ ಬಸವಂತಪ್ಪನವರಿಗೆ ಆಮೇಲೆ ಆ ಬೀದಿ ಎಂದರೆ ಅದೊಂದೇ ಕಾಣುತ್ತಿತ್ತು.

"ಒಮ್ಮೆ ದೇವರು ಕಾದಾನ. ಪ್ರತಿ ಸಲ ಕಾಯ್ತಾನಂತ ರಸ್ತಾ ಹಂಗ ಬಿಡಾಕ ಆಗತೈತೇನು?" ಎಂದು ಅವರು ಕೇಳಿದರೆ ಎದುರು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಬಾಯಿ ಬಂದದ್ದು ಹನುಮವ್ವನಿಗೆ. ಆ ಗೋಡೆಯ ಬದಿಗೆ ಎಲ್ಲರಿಗಿಂತ ಹಳೆಯ ಬುಟ್ಟಿ ಅವಳದು. ಜವಳಗೇರಾದ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಮೆಂತೆ, ಪುಂಡಿ, ರಾಜಗಿರಿ, ಕೊತ್ತಂಬರಿ, ಸಬ್ಬಸಿಗೆ ಹೊತ್ತು ತರುವವಳು. ಬಸ್ ಇಳಿದರೆ ಅಲ್ಲೇ ಅಂಗಡಿ, ಮಾರಿದರೆ ಅಲ್ಲೇ ಬಸ್ಸು. ಠರಾವಿನ ಸುದ್ದಿ ಕೇಳಿ ನನ್ನನ್ನೂ ಶರಣಮ್ಮನನ್ನೂ ಬೀದಿಯಲ್ಲೇ ತಡೆದು ನಿಲ್ಲಿಸಿದಳು.

"ಏನ್ರೀ ಮೆಂಬರ್ರ, ಆ ಜೀಪಿನ ಸುತ್ತ ಸೀರಿ ಹಿಡದು ನಿಂತವರು ಯಾರು? ಕೂಸಿನ ಹೊಕ್ಕಳಬಳ್ಳಿ ನೋಡಿದಾಕಿ ಯಾರು? ನಾವು ಅಲ್ಲಿ ಇರಲಿಲ್ಲಂದ್ರ ಆಕಿ ಟ್ರ್ಯಾಕ್ಟರ್ ಡ್ರೈವರ್ಗೋಳ ಮುಂದ ಹಡೀಬೇಕಿತ್ತು!"

ಒಂದೇ ಸಂಗತಿ. ಸಾಹುಕಾರರಿಗೆ ಅದು ಬುಟ್ಟಿಯವರನ್ನು ಎಬ್ಬಿಸಲು ಕಾರಣ, ಹನುಮವ್ವನಿಗೆ ಅಲ್ಲೇ ಉಳಿಯಲು ಕಾರಣ. ಇಬ್ಬರದೂ ಸುಳ್ಳಲ್ಲ. ಅಂಗನವಾಡಿಯಲ್ಲಿ ಎರಡು ಮಕ್ಕಳು ಒಂದೇ ಗೊಂಬೆ ಹಿಡಿದು ಅತ್ತರೆ ಹೇಗೋ ಸಮಾಧಾನ ಮಾಡುತ್ತಿದ್ದೆ. ಇದಕ್ಕೆ ನನಗೆ ಉಪಾಯ ಹೊಳೆಯಲಿಲ್ಲ.

ಶರಣಮ್ಮ ಹನುಮವ್ವನ ಬುಟ್ಟಿಯಿಂದ ಒಂದು ಸಿವುಡು ಕೊತ್ತಂಬರಿ ಕೊಂಡಳು. "ಅಕ್ಕೋರ, ಆ ಹೊಸ ಮಾರ್ಕೇಟಿಗೆ ಹೋಗಿ ಬರೋಣೇನ್ರೀ?" ಎಂದಳು. ನೆತ್ತಿ ಮೇಲೆ ಬಿಸಿಲು, ಆದರೂ ಹೋದೆವು. ಕಟ್ಟಡ ಚೆಂದವೇ ಇತ್ತು, ಮೇಲೆ ತಗಡು, ಕೆಳಗೆ ಸಿಮೆಂಟು. ಸುತ್ತ ಒಂದು ಗಿಡವಿಲ್ಲ, ಬಸ್ಸು ನಿಲ್ಲುವುದಿಲ್ಲ. ಶರಣಮ್ಮ ಕೊತ್ತಂಬರಿಯನ್ನು ಸಿಮೆಂಟಿನ ಮೇಲಿಟ್ಟಳು. ನಾವು ಬೈಪಾಸಿನ ಡಬ್ಬಿ ಅಂಗಡಿಯಲ್ಲಿ ಒಂದೊಂದು ಕಪ್ ಚಹಾ ಕುಡಿದು ಬಂದೆವು. ಕೊತ್ತಂಬರಿ ಬಾಡಿ, ತೊಳೆದು ಹಿಂಡಿದ ಬಟ್ಟೆಯ ಹಾಗೆ ಮಲಗಿತ್ತು. ಅವಳು ಅದನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು.

"ನಾ ಬ್ಯಾಡ ಅಂತೀನ್ರೀ ಅಕ್ಕೋರ," ಎಂದಳು ದಾರಿಯಲ್ಲಿ. "ಮೀಟಿಂಗಿನಾಗ ನೀವ ಹೇಳಬೇಕು ಮತ್ತ."

ಮೀಟಿಂಗಿನ ದಿನ ಕರೆಂಟು ಕೈಕೊಟ್ಟಿತು. ಹಾಲಿನ ಫ್ಯಾನುಗಳೆಲ್ಲ ತಟಸ್ಥ. ಹೊಸದಾಗಿ ಬಂದಿದ್ದ ಮುಖ್ಯಾಧಿಕಾರಿ ಮೈಸೂರು ಕಡೆಯ ಹುಡುಗ, ಕರವಸ್ತ್ರ ಹಿಂಡಿ ಹಿಂಡಿ ಮುಖ ಒರೆಸಿಕೊಳ್ಳುತ್ತಿದ್ದ. ಅದು ಅವನ ಮೊದಲ ಸಭೆ. ನಾನು ಶರಣಮ್ಮನ ಮಾತನ್ನು ಹೇಳಿದೆ, ಬೈಪಾಸಿನ ಬಿಸಿಲು ವರ್ಣಿಸಿದೆ, ಬಾಡಿದ ಕೊತ್ತಂಬರಿಯನ್ನೂ ಟೇಬಲ್ಲಿನ ಮೇಲಿಟ್ಟೆ.

"ಕೊತ್ತಂಬರಿ ಸಾಕ್ಷಿ ಹೇಳಾಕ ಬಂದೈತೇನ್ರೀ?" ಎಂದರು ಅಧ್ಯಕ್ಷರು. ಸಭೆ ನಕ್ಕಿತು. ಬಸವಂತಪ್ಪನವರು ಮಾತ್ರ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ಆ ಸಿವುಡನ್ನೇ ನೋಡಿದರು. ಆಮೇಲೆ ಎದ್ದು ಜೀಪಿನ ಮಾತು ಆಡಿದರು. ನಗು ನಿಂತಿತು.

ನಮ್ಮಲ್ಲಿ ಕೈ ಎತ್ತಿ ಮತ ಕೊಡುವ ರೂಢಿ. ಅವತ್ತು ಎರಡು ಸಲ ಎಣಿಸಿದರೂ ಲೆಕ್ಕ ಕೂಡಲಿಲ್ಲ. ಒಬ್ಬ ಹಿರಿಯ ಮೆಂಬರು ಚಹಾದವನನ್ನು ಕರೆಯಲು ಕೈ ಎತ್ತುವುದು, ಇನ್ನೊಬ್ಬರು ಸೆಕೆಗೆ ಟವೆಲ್ಲು ಬೀಸುವುದು. ಅಧ್ಯಕ್ಷರಿಗೆ ಸಾಕಾಯಿತು. "ಕೈ ಬ್ಯಾಡ. ಒಪ್ಪಿದವರು ಎದ್ದು ನಿಂದ್ರಿ. ಒಪ್ಪದವರು ಕುಂತ ಇರ್ರಿ. ಸಾಹೇಬ್ರ, ನಿಂತವರನ್ನ ಎಣಸ್ರಿ!"

ಖುರ್ಚಿಗಳು ಸರಿದವು. ಮುಖ್ಯಾಧಿಕಾರಿ ಬೆರಳು ಮಾಡಿ ಎಣಿಸಿದ. ಒಂದೇ ತಲೆಯ ಹೆಚ್ಚಿನಿಂದ ಠರಾವು ಪಾಸಾಯಿತು ಎಂದ.

ನಾನು ಕೂತಲ್ಲಿಂದಲೇ ಲೆಕ್ಕ ಹಾಕಿದೆ, ಹೊಂದಲಿಲ್ಲ. ಪಕ್ಕಕ್ಕೆ ನೋಡಿದೆ. ಶರಣಮ್ಮ ನಿಂತಿದ್ದಳು. ಯಾವಾಗಿನ ಹಾಗೆ.

"ತಡೀರಿ ಸಾಹೇಬ್ರ! ಆಕಿ ಒಪ್ಪಿ ಎದ್ದಿಲ್ಲ, ಆಕಿ ಮೊದಲಿಂದನೂ ನಿಂತೇ ಅದಾಳ!"

ಆ ಹುಡುಗನಿಗೆ ತಲೆ–ಬುಡ ತಿಳಿಯಲಿಲ್ಲ. ಸೌಜನ್ಯದವನು, ಅವಳ ಕಡೆ ತಿರುಗಿ ಕೇಳಿದ: "ಮೇಡಂ, ನೀವು ಠರಾವಿಗೆ ಒಪ್ಪಿದ್ದೀರಾ? ಇಲ್ಲ ಅಂದ್ರೆ ದಯವಿಟ್ಟು ಕೂತ್ಕೊಳ್ಳಿ. ನಾನು ತಿದ್ದಿಕೊಳ್ತೀನಿ."

ಇಡೀ ಸಭೆ ಅವಳ ಕಡೆ ತಿರುಗಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಎಲ್ಲರೂ ಅವಳು ನಿಂತದ್ದನ್ನು ನೋಡಿದರು. ಖುರ್ಚಿ ಅವಳ ಕೈಯಳತೆಯಲ್ಲೇ ಇತ್ತು. ಆದರೆ ಠರಾವಿಗೆ ಒಪ್ಪಿ ಬಸವಂತಪ್ಪನವರೂ ಎದ್ದು ನಿಂತಿದ್ದರಲ್ಲ? ಮಾವ ಕೂತಾಗಲೇ ಕೂಡದವಳು ಮಾವ ನಿಂತಾಗ ಕೂಡುವುದು ಹೇಗೆ? ಅವಳು ನನ್ನ ಮುಖ ನೋಡಿದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಸೆರಗು ಇನ್ನಷ್ಟು ಮುಂದೆ ಬಂತು. ಬಸವಂತಪ್ಪನವರು ನಿಂತುಹೋದ ಫ್ಯಾನನ್ನೇ ನೋಡುತ್ತಿದ್ದರು.

ಸ್ವಲ್ಪ ಹೊತ್ತು ಕಾದು ಮುಖ್ಯಾಧಿಕಾರಿ, "ಸದಸ್ಯರು ನಿಂತೇ ಇದ್ದಾರೆ," ಎಂದು ಬರೆದುಕೊಂಡ.

ಸುದ್ದಿ ನಮಗಿಂತ ಮೊದಲೇ ಬಾಜಾರ ಮುಟ್ಟಿತ್ತು. ಮರುದಿನ ಹೋದರೆ ಹನುಮವ್ವ ಜಗಳಕ್ಕೆ ಬರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಶರಣಮ್ಮನ ಮುಖ ನೋಡದೆ, ಮೆಂತೆಯ ಬೇರಿನ ಮಣ್ಣು ಕೊಡವುತ್ತ ಹೇಳಿದಳು:

"ನೀ ಎದ್ದು ನಿಂತಿ, ನಾವು ಎದ್ದು ಹೋಗಬೇಕಾತು ನೋಡವ್ವ."

ಶರಣಮ್ಮ ಅಲ್ಲಿ ಅಳಲಿಲ್ಲ, ಓಣಿಯ ತಿರುವಿನಲ್ಲಿ ಅತ್ತಳು. "ಸತ್ತಾರ ಹೋಗಬೇಕಿತ್ರೀ ಅಕ್ಕೋರ. ಒಂದು ಮಾತು ಆಡಾಕ ಆಗಲಿಲ್ಲಲ್ಲ ನನಗ," ಎಂದಳು. ಸಾಯುವ ಮಾತು ಯಾಕೆ, ಇನ್ನೂ ಒಂದು ದಾರಿ ಇದೆ ಎಂದೆ. ಮುಖ್ಯಾಧಿಕಾರಿಯನ್ನು ಕೇಳಿಕೊಂಡೇ ಬಂದಿದ್ದೆ. ಪ್ರತಿ ಮೀಟಿಂಗಿನಲ್ಲೂ ಮೊದಲು ಹಿಂದಿನ ಸಭೆಯ ನಡಾವಳಿ ಓದಿ ಒಪ್ಪಿಕೊಳ್ಳುತ್ತಾರೆ. ತಪ್ಪು ಬರೆದಿದ್ದರೆ ಆಗ ಹೇಳಬಹುದು. ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವುದಿಲ್ಲ ಎಂದಿದ್ದ ಆ ಹುಡುಗ. ಆದರೆ ಹೇಳಬೇಕಾದವಳು ಅವಳೇ. ನನ್ನ ಬಾಯಿ ಅಲ್ಲಿ ನಡೆಯುವುದಿಲ್ಲ.

ನಡುವೆ ಒಂದು ದಿನ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಬಸವಂತಪ್ಪನವರು ಕೂತಿದ್ದರು. ನಾನು ಒಳಗೆ ಅಡಿಗೆಮನೆಗೆ ನಡೆದೆ. ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವಳ ಅತ್ತೆ ಗೌರಮ್ಮ ಪುಂಡಿಪಲ್ಯ ಸೋಸುತ್ತಿದ್ದರು. ಹನುಮವ್ವನ ಬುಟ್ಟಿಯದೇ ಪಲ್ಯ. ಮಾತು ಅಲ್ಲಿಗೇ ಬಂತು.

"ಏನ್ ಹೇಳ್ಲಿ ಅಕ್ಕೋರ," ಎಂದರು ಗೌರಮ್ಮ, ಪಡಸಾಲೆಗೆ ಕೇಳುವಷ್ಟು ದೊಡ್ಡ ದನಿಯಲ್ಲಿ. "ನಮ್ಮತ್ತಿ ಮಣ್ಣಾಗಿ ಎಷ್ಟು ವರ್ಷ ಆತು. ಗ್ವಾಡಿ ಮ್ಯಾಲಿನ ಅವರ ಫೋಟೋದ ಎದರ ಇನ್ನಾ ನಾ ಖುರ್ಚಿ ಮ್ಯಾಲ ಕುಂತಿಲ್ಲ. ಮಂಡಿ ಸವದು ಹ್ವಾದ್ವು. ಆದ್ರ ನನಗ ಯಾರೂ ಓಟು ಹಾಕಿದ್ದಿಲ್ಲ ನೋಡ್ರಿ. ಈಕಿಗೆ ಮಂದಿ ಓಟು ಹಾಕ್ಯಾರ."

ನಮ್ಮ ಕಡೆ ಗಂಡನಿಗೆ ಹೇಳಬೇಕಾದ ಮಾತನ್ನು ಹೀಗೆ ಗೋಡೆಗೆ ಹೇಳುವುದುಂಟು. ಗೋಡೆ ಹೆಚ್ಚಾಗಿ ಸುಮ್ಮನಿರುತ್ತದೆ. ಅವತ್ತು ಉತ್ತರ ಬಂತು.

"ಅಕ್ಕೋರ," ಎಂದರು ಬಸವಂತಪ್ಪನವರು ಪಡಸಾಲೆಯಿಂದಲೇ. "ನಾ ಎಂದಾರ ಕುಂದ್ರಬ್ಯಾಡ ಅಂದೀನೇನ್ರಿ?"

ಹಿರಿಯರಿಗೆ ಎದುರಾಡುವುದು ನನ್ನ ಸ್ವಭಾವವಲ್ಲ. ಆದರೂ ಮಾತು ನಾಲಗೆಯ ತುದಿಗೆ ಬಂದುಬಿಟ್ಟಿತು. "ಕುಂದ್ರು ಅಂತನೂ ಅಂದಿಲ್ಲಲ್ಲರೀ ನೀವು."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೊರಗೆ ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿತು. ಸಾಹುಕಾರರು ಅಂಗಡಿಗೆ ಹೋದರು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ನಾವು ಮೂವರೂ ಮೈಮೇಲೆ ಎಚ್ಚರ ತಂದುಕೊಂಡದ್ದು.

ಆ ತಿಂಗಳೆಲ್ಲ ನಾನು ಯೋಚಿಸಿದೆ. ನಮ್ಮ ಮರ್ಯಾದೆಗಳಲ್ಲಿ ಯಾರೋ ಹೇರಿದವು ಕಡಿಮೆ. ಯಾರೂ ಮಾಡು ಅನ್ನುವುದಿಲ್ಲ, ಯಾರೂ ಬಿಡು ಅನ್ನುವುದಿಲ್ಲ, ಹಾಗೇ ನಡೆದುಬರುತ್ತವೆ. ಶರಣಮ್ಮನಿಗೆ ಮಾವನ ಮೇಲೆ ಹೆದರಿಕೆಗಿಂತ ಅಕ್ಕರೆಯೇ ಹೆಚ್ಚಿತ್ತು. ಅವಳ ಬಾಣಂತನದಲ್ಲಿ ನಡುಮಧ್ಯಾಹ್ನ ಲಿಂಗಸುಗೂರಿನಿಂದ ಔಷಧಿ ಹಿಡಿದುಕೊಂಡು ಬಂದವರು ಅದೇ ಮಾವ. ಅಂಥವರಿಗೆ ನಾಲ್ಕು ಮಂದಿಯ ಎದುರು ಸೊಸೆ ಲೆಕ್ಕಕ್ಕೆ ಇಡಲಿಲ್ಲ ಅನ್ನಿಸಬಾರದು ಎಂಬುದೇ ಅವಳ ಸಂಕಟ. ಮತ್ತೊಂದು ಕಡೆ ಹನುಮವ್ವನ ಆ ಒಂದು ಮಾತು. ನಿಂತರೆ ಬುಟ್ಟಿಯವರು ಕೆಡುತ್ತಾರೆ, ಕೂತರೆ ಮಾವ ನೊಂದುಕೊಳ್ಳುತ್ತಾರೆ.

ಮುಂದಿನ ಮೀಟಿಂಗು ಬಂತು. ಹಿಂದಿನ ದಿನ ನಾಲ್ಕು ಹನಿ ಉದುರಿ, ಸೆಕೆ ತಣಿಯುವ ಬದಲು ಇನ್ನಷ್ಟು ಕೆರಳಿತ್ತು. ನಡಾವಳಿ ಓದುವ ಹೊತ್ತಿಗೆ ನಮ್ಮಲ್ಲಿ ಯಾರೂ ಕಿವಿಗೊಡುವವರಲ್ಲ. ಅದು ಒಗ್ಗರಣೆ ಮಂಡಕ್ಕಿ–ಮಿರ್ಚಿಯ ಹೊತ್ತು. ತಟ್ಟೆಗಳು ಬಂದಿದ್ದವು, ಬಾಯಿಗಳು ಆಡುತ್ತಿದ್ದವು. ಮುಖ್ಯಾಧಿಕಾರಿ ಒಂದೇ ಉಸಿರಿನಲ್ಲಿ ಓದುತ್ತ ಮಾರುಕಟ್ಟೆಯ ವಿಷಯಕ್ಕೆ ಬಂದ. ನಾನು ಶರಣಮ್ಮನ ಕಡೆ ನೋಡಲಿಲ್ಲ. ನೋಡಿದರೆ ಮತ್ತೆ ನನ್ನ ಕಿವಿಯೇ ಹುಡುಕುತ್ತಾಳೆ ಎಂದು ಬೇಕಂತಲೇ ತಟ್ಟೆಯಲ್ಲಿ ಮುಖವಿಟ್ಟೆ.

"ಅದು ತಪ್ಪು ಬರದೀರ್ರೀ."

ಯಾರ ದನಿ ಎಂದು ಅಧ್ಯಕ್ಷರು ಕತ್ತು ಹೊರಳಿಸಿದರು. ಆ ದನಿಯನ್ನು ಆ ಹಾಲು ಎಂದೂ ಕೇಳಿರಲಿಲ್ಲ.

"ನಾ ನಿಂತದ್ದು ನಮ್ಮ ಮಾವಾರಿಗ್ರೀ," ಎಂದಳು ಶರಣಮ್ಮ, ಟೇಬಲ್ಲಿನ ಕಡೆ ನೋಡುತ್ತ. "ಠರಾವಿಗಲ್ಲ."

ಅಧ್ಯಕ್ಷರಿಗೆ ಹಳೆಯ ಗಂಟು ಬಿಚ್ಚುವುದು ಬೇಡವಾಗಿತ್ತು. "ಆತು ಬಿಡವ್ವ ತಂಗಿ. ಬರದದ್ದು ಬರದಾತು. ಮುಂದಿನ ವಿಷಯ ಓದ್ರಿ ಸಾಹೇಬ್ರ," ಎಂದರು.

"ಇಲ್ಲ ಸಾರ್," ಎಂದ ಆ ಹುಡುಗ. "ಸದಸ್ಯರೇ ತಪ್ಪು ಅಂತಿದಾರೆ, ಮತ್ತೆ ಎಣಿಸಲೇಬೇಕು." ಆಮೇಲೆ ತುಸು ಹಿಂಜರಿದು ಶರಣಮ್ಮನಿಗೆ ಹೇಳಿದ: "ಆದ್ರೆ ಮೇಡಂ, ಎಣಿಸುವಾಗ ನೀವು ಕೂತಿರಬೇಕು. ನಿಂತವರಲ್ಲಿ ನಿಮ್ಮೊಬ್ಬರನ್ನ ನಾನು ಹೇಗೆ ಬಿಡಲಿ? ನಾಳೆ ಯಾರಾದ್ರೂ ಕೇಳ್ತಾರೆ."

ಅವನು ಹೇಳಿದ್ದು ಸರಿಯೇ. ಮಾತಿನ ಹೊಳೆ ದಾಟಿದವಳು ಖುರ್ಚಿಯ ಹತ್ತಿರ ಮತ್ತೆ ಸಿಕ್ಕಿಬಿದ್ದಳು. ಕೈ ಖುರ್ಚಿಯ ಬೆನ್ನಿನ ಮೇಲೆ, ಕಾಲು ನೆಲದಲ್ಲಿ ನೆಟ್ಟ ಹಾಗೆ. ಯಾರೋ ಹಿಂದಿನಿಂದ, "ಕುಂದ್ರವ್ವ, ಏನಾಗಂಗಿಲ್ಲ," ಎಂದರು. ಇನ್ನೊಬ್ಬರು, "ಏ, ಸಾಹುಕಾರ ಕುಂತಾರ ಅಲ್ಲಿ!" ಎಂದು ಅವರನ್ನು ಗದರಿದರು.

ಆಗ ಬಸವಂತಪ್ಪನವರು ಎದ್ದರು. ಸಿಟ್ಟಿನಿಂದ ಹೊರನಡೆಯುತ್ತಾರೆ ಎಂದೇ ನಾನು ತಿಳಿದೆ. ಅವರು ತಮ್ಮ ಟವೆಲ್ಲು ಹೆಗಲಿಗೇರಿಸಿ, ಒಗ್ಗರಣೆಯ ತಟ್ಟೆಯನ್ನೂ ಕೈಯಲ್ಲಿ ಹಿಡಿದು, ಮುಂದಿನ ಸಾಲಿನಿಂದ ನಿಧಾನವಾಗಿ ಹಿಂದಕ್ಕೆ ನಡೆದರು. ಹಾಲಿನ ಹಿಂಬದಿಗೆ ಒಂದು ಕಂಬ. ಅದರ ಮರೆಯಲ್ಲಿ ಫ್ಯಾನಿನ ಗಾಳಿಯೂ ಸುಳಿಯದ ಒಂದು ಖುರ್ಚಿ ಇತ್ತು. ಯಾರೂ ಅಲ್ಲಿ ಕೂಡುತ್ತಿರಲಿಲ್ಲ. ಅಲ್ಲಿ ಕೂತರು.

"ಅಧ್ಯಕ್ಷರ," ಎಂದರು ಕಂಬದ ಹಿಂದಿನಿಂದ. "ನಾ ಈಗ ಯಾರ ಎದರೂ ಇಲ್ಲ. ಮೆಂಬರು ಕುಂದರಲಿ."

ಅವಳು ಕೂತಳು. ಕೂತಳು ಅನ್ನುವುದಕ್ಕಿಂತ ಖುರ್ಚಿಯ ತುದಿಗೆ ಆತುಕೊಂಡಳು ಅನ್ನಬೇಕು, ತಂತಿಯ ಮೇಲಿನ ಹಕ್ಕಿಯ ಹಾಗೆ.

"ಒಪ್ಪಿದವರು ಎದ್ದು ನಿಂದ್ರಿ," ಎಂದರು ಅಧ್ಯಕ್ಷರು.

ಅಲ್ಲಲ್ಲಿ ಖುರ್ಚಿಗಳು ಸರಿದವು. ಎಲ್ಲಕ್ಕಿಂತ ಕೊನೆಗೆ, ನಮ್ಮ ಬೆನ್ನ ಹಿಂದೆ, ಕಂಬದ ಬಳಿಯ ಖುರ್ಚಿ ಕಿರ್ರೆಂದಿತು. ಬಸವಂತಪ್ಪನವರು ಎದ್ದು ನಿಂತರು. ಜಾಗ ಬಿಟ್ಟುಕೊಟ್ಟಿದ್ದರೇ ಹೊರತು ತಮ್ಮ ಮಾತು ಬಿಟ್ಟಿರಲಿಲ್ಲ. ಠರಾವು ಅವರದು, ಅದಕ್ಕೆ ಅವರು ನಿಲ್ಲಲೇಬೇಕು.

ಆ ಕಿರ್ರೆನ್ನುವ ಸಪ್ಪಳಕ್ಕೆ ಶರಣಮ್ಮನ ಮೈ ತಾನಾಗಿಯೇ ಎದ್ದಿತು. ಮದುವೆಯಾದಂದಿನಿಂದ ಆ ಸಪ್ಪಳಕ್ಕೆ ಏಳುತ್ತ ಬಂದ ಮೈ ಅದು. ಅರ್ಧ ಎದ್ದವಳು ಗಬಕ್ಕನೆ ನನ್ನ ತೊಡೆ ಹಿಡಿದಳು, ಬಳೆಗಳು ಒತ್ತಿ ನೋಯುವಷ್ಟು ಗಟ್ಟಿಯಾಗಿ. ಹಾಗೇ ತನ್ನನ್ನು ತಾನು ಕೆಳಗೆ ಎಳೆದುಕೊಂಡು ಕೂತಳು. ಕಣ್ಣು ಮುಚ್ಚಿದ್ದಳು. ಮುಖ್ಯಾಧಿಕಾರಿ ಎಣಿಸಿ ಮುಗಿಸುವವರೆಗೆ ತೆರೆಯಲಿಲ್ಲ. ಹಿಂದೆ ಮಾವ ನಿಂತಿದ್ದರು, ಮುಂದೆ ಸೊಸೆ ಕೂತಿದ್ದಳು. ಇಬ್ಬರೂ ಅವರವರ ಮಾತಿಗೆ. ನಮ್ಮ ಊರಿನಲ್ಲಿ ಅಂಥದ್ದೊಂದು ನೋಟವನ್ನು ನಾನು ಮೊದಲು ಕಂಡಿರಲಿಲ್ಲ.

ಠರಾವು ಬಿತ್ತು, ಅದೇ ಒಂದು ತಲೆಯಿಂದ.

ಬಸವಂತಪ್ಪನವರು ಮೆಟ್ಟಿಲು ಇಳಿದು ನೇರ ಅಂಗಡಿಗೆ ನಡೆದರು. ಮನೆಯಲ್ಲಿ ಎಂಟು ದಿನ ಗೌರಮ್ಮನವರ ಗೋಡೆಗೂ ಉತ್ತರ ಬರಲಿಲ್ಲವಂತೆ. ಶರಣಮ್ಮ ದಿನಾ ಮಾವನ ತಾಟಿಗೆ ಬಿಸಿ ರೊಟ್ಟಿ ಇಡುವಳು, ಅವರು ದಿನಾ ಉಂಡು ಏಳುವರು. ಬೈಗುಳಕ್ಕಿಂತ ಆ ಮೌನ ಭಾರ ಎಂದು ಅವಳು ನನ್ನ ಹತ್ತಿರ ಹೇಳಿಕೊಂಡಳು. ಮುಂದಿನ ಮೀಟಿಂಗಿಗೆ ಅವರು ಬರುವುದಿಲ್ಲ ಎಂದೇ ಊರು ಅಂದುಕೊಂಡಿತು. ಬಂದರು. ಯಾರಿಗೂ ಏನೂ ಹೇಳದೆ ನೇರ ಹೋಗಿ ಕಂಬದ ಮರೆಯ ಖುರ್ಚಿಯಲ್ಲಿ ಕೂತರು. ಅವಧಿ ಮುಗಿಯುವವರೆಗೆ ಅದೇ ಅವರ ಜಾಗವಾಯಿತು. ಚರಂಡಿಗೆ, ಬೀದಿದೀಪಕ್ಕೆ, ಕೆರೆಯ ನೀರಿಗೆ ಮಾವ ಹಿಂದಿನಿಂದ ಒಂದು ಹೇಳುವರು, ಸೊಸೆ ಮುಂದೆ ಕೂತು, ತಿರುಗಿ ನೋಡದೆ, ಇನ್ನೊಂದು ಹೇಳುವಳು. ನನ್ನ ಕಿವಿಗೆ ಕೆಲಸ ತಪ್ಪಿತು. ಮುಖ ನೋಡದೆ ಆಡಿದ ಆ ಜಗಳಗಳಷ್ಟು ಮರ್ಯಾದೆಯ ಜಗಳಗಳನ್ನು ನಾನು ಬೇರೆಲ್ಲೂ ಕೇಳಿಲ್ಲ.

ಠರಾವು ಬಿದ್ದ ಕೆಲವೇ ದಿನಕ್ಕೆ ಕೊಯ್ಲು ಜೋರಾಯಿತು. ಗದ್ದೆಗಳಿಂದ ಭತ್ತದ, ನಮ್ಮ ಮಂದಿಯ ಬಾಯಲ್ಲಿ ನೆಲ್ಲಿನ, ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರತೊಡಗಿದವು. ನಾವು ಗೆದ್ದವರು, ಗೆದ್ದ ಮೇಲೆ ಆ ಬೀದಿ ಮರೆತಿದ್ದೆವು. ಬೀದಿ ಬಿಗಿಯುವುದೇನೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಪಲ್ಯಕ್ಕೆಂದು ಹೋದೆ. ನಡುಬೀದಿಯಲ್ಲಿ, ಬಿಸಿಲಿನಲ್ಲಿ, ತಲೆಗೆ ಟವೆಲ್ಲು ಸುತ್ತಿಕೊಂಡು ಬಸವಂತಪ್ಪನವರು ನಿಂತಿದ್ದರು. ಅಂಗಡಿ ಮಗನ ಕೈಗೆ ಬಿಟ್ಟು, ದಿನಾ ಬೆಳಿಗ್ಗೆ ಹೀಗೇ ಬಂದು ನಿಲ್ಲುತ್ತಾರಂತೆ. ಕೈ ಬೀಸಿ ಒಂದು ಟ್ರ್ಯಾಕ್ಟರನ್ನು ತಡೆದು, ಬಸ್ಸಿಗೆ ದಾರಿ ಬಿಡಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿದರು.

"ಹನುಮವ್ವ, ಬುಟ್ಟಿ ಹಿಂದಕ ತಗೊ."

"ಇನ್ನೆಷ್ಟು ಹಿಂದಕ ಸರೀಲ್ರೀ ಸಾಹುಕಾರ್ರ, ಹಿಂದ ಗ್ವಾಡಿ ಐತಿ!"

"ಗ್ವಾಡಿಗೆ ಹತ್ತಿ ಕುಂದ್ರು. ಒಂದು ಜೀಪು ದಾಟುವಷ್ಟು ಜಗಾ ಬೇಕ ಬೇಕು ನನಗ."

ಹನುಮವ್ವ ಗೊಣಗುತ್ತ ಬುಟ್ಟಿ ಎಳೆದುಕೊಂಡಳು. ಅವಳನ್ನು ನೋಡಿ ಉಳಿದವರೂ ಎಳೆದುಕೊಂಡರು. ಎಳೆದುಕೊಂಡು, ಒದ್ದೆ ಗೋಣಿ ಸರಿಪಡಿಸಿ, ಅವಳು ನನ್ನನ್ನು ಒಮ್ಮೆ, ಅವರನ್ನು ಒಮ್ಮೆ ನೋಡಿದಳು.

"ಏನ ಅನ್ರಿ, ಗೆದ್ದ ಮೆಂಬರ್ರು ಒಬ್ಬರೂ ಈ ಕಡೆ ಹಣಿಕಿ ಹಾಕಲಿಲ್ಲ. ಸೋತ ನೀವು ದಿನಾ ಬಂದು ಬಿಸಲಾಗ ನಿಂದ್ರತೀರಲ್ಲರೀ?"

ನಾನು ಬಗ್ಗಿ ಸಬ್ಬಸಿಗೆಯ ಸಿವುಡು ಆರಿಸತೊಡಗಿದೆ. ಬಸವಂತಪ್ಪನವರು ಹಣೆಯ ಬೆವರು ಒರೆಸಿಕೊಂಡರು.

"ಮಾತು ಸಾಕು. ಆ ಮೂಲ್ಯಾಗಿನ ಬುಟ್ಟಿ ಇನ್ನಾ ಹೊರಗ ಐತಿ, ಎಳಕೊ," ಎಂದರು. "ನೆಲ್ಲಿನ ಗಾಡಿ ಬಂತು."